ಅಂಗೈ ಅಂಗಾಲುಗಳ ಇಸುಬು: ತುರಿಕೆಯನ್ನು ಹತೋಟಿಗೆ ತರುವ ಬಗೆ

ಕೈಬೆರಳುಗಳ ಪಕ್ಕದಲ್ಲಿ ಅಥವಾ ಅಂಗಾಲಿನ ನಡುವೆ ಏಳುವ ಇಸುಬಿನ ತುರಿಕೆಗೂ ಮೈಯ ಬೇರೆಡೆಯ ತುರಿಕೆಗೂ ವ್ಯತ್ಯಾಸವಿದೆ. ಎಷ್ಟು ಕೆರೆದರೂ ಅದು ಉಗುರಿಗೆ ಸಿಗುವುದಿಲ್ಲ. ಕೆರೆದಷ್ಟೂ ಇನ್ನಷ್ಟು ಒಳಗೆ ಸರಿದಂತೆ ಭಾಸವಾಗುತ್ತದೆ. ಕಾರಣ ಆ ಜಾಗದ ಚರ್ಮದ ರಚನೆಯಲ್ಲೇ ಇದೆ. ಅಂಗೈ ಮತ್ತು ಅಂಗಾಲುಗಳ ಮೇಲ್ಪದರ ಇಡೀ ದೇಹದಲ್ಲೇ ಅತಿ ದಪ್ಪವಾದದ್ದು. ಅಲ್ಲಿ ಬೆವರಿನ ಗ್ರಂಥಿಗಳು ಒತ್ತೊತ್ತಾಗಿವೆ, ಆದರೆ ಚರ್ಮಕ್ಕೆ ಜಿಡ್ಡು ಒದಗಿಸುವ ಗ್ರಂಥಿಗಳು ಇಲ್ಲವೇ ಇಲ್ಲ. ಹೀಗಾಗಿ ಉರಿಯೂತದಿಂದ ಹುಟ್ಟಿದ ನೀರು ಸುಲಭವಾಗಿ ಒಡೆದು ಹೊರಬರಲಾಗದೆ, ದಪ್ಪ ಪದರದ ಅಡಿಯಲ್ಲಿ ಬೆಂದ ಸಬ್ಬಕ್ಕಿಯ ಕಾಳುಗಳಂತಹ ಗಟ್ಟಿ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಜಿಡ್ಡಿನ ಕಾಪಿಲ್ಲದ ಚರ್ಮ ಬೇಗ ಬಿರಿಯುತ್ತದೆ. ಹಚ್ಚಿದ ಮುಲಾಮು ಒಳಕ್ಕಿಳಿಯುವುದೂ ನಿಧಾನವಾಗುತ್ತದೆ. ಮುಖದ ಅಥವಾ ಮೊಣಕೈ ಮಡಿಕೆಯ ಇಸುಬಿಗೆ ಹೊಂದುವ ಆರೈಕೆ ಇಲ್ಲಿ ಸಾಲದೆ ಹೋಗುವುದು ಇದರಿಂದಲೇ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಹೆಚ್ಚಿನವರು ಈ ತೊಂದರೆಗೆ ಆರೈಕೆ ಮಾಡುವುದು ತುರಿಕೆ ಇರುವಷ್ಟು ದಿನ ಮಾತ್ರ. ಗುಳ್ಳೆಗಳು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಬತ್ತಿ, ಸಿಪ್ಪೆ ಸುಲಿದು, ಕೆಳಗಿನಿಂದ ಗುಲಾಬಿ ಬಣ್ಣದ ನುಣುಪು ಚರ್ಮ ಕಾಣಿಸಿಕೊಳ್ಳುತ್ತದೆ. ಆಗ ಮುಲಾಮಿನ ಟ್ಯೂಬು ಮೂಲೆ ಸೇರುತ್ತದೆ. ಆದರೆ ಕಣ್ಣಿಗೆ ವಾಸಿಯಾದಂತೆ ಕಾಣುವ ಈ ಚರ್ಮದ ರಕ್ಷಣಾ ಶಕ್ತಿ ಪೂರ್ತಿ ಮರಳಲು ತಿಂಗಳುಗಳೇ ಬೇಕಾಗುತ್ತವೆ. ಮುಂದಿನ ಬಾರಿಯ ಕೆರಳುವಿಕೆ ತಯಾರಾಗುವುದು ಈ ಅವಧಿಯಲ್ಲಿಯೇ. ಆದ್ದರಿಂದ ಕೆಳಗೆ ಹೇಳಿರುವ ಕ್ರಮಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತುರಿಕೆ ಇಲ್ಲದ ದಿನಗಳಿಗೆ ಸಂಬಂಧಿಸಿದವು.

ಇದು ಇಸುಬೇ ಹೌದೇ?

ಕೈ ತುರಿಸಿದಾಗ ಮೊದಲು ಪಾದಗಳನ್ನು ನೋಡಿಕೊಳ್ಳಿ. ಕಾಲಿನ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ, ನೆನೆದಂತೆ ಮೆತ್ತಗಾಗಿ ಸುಲಿಯುತ್ತಿದ್ದರೆ ಅದು ಶಿಲೀಂಧ್ರದ ಸೋಂಕು ಇರುವ ಸಾಧ್ಯತೆ ಹೆಚ್ಚು. ಪಾದದಲ್ಲಿ ಶಿಲೀಂಧ್ರವಿದ್ದಾಗ, ಕೈಯಲ್ಲಿ ಅದು ಇಲ್ಲದಿದ್ದರೂ ದೇಹದ ಪ್ರತಿಕ್ರಿಯೆಯಾಗಿ ಬೆರಳುಗಳ ಪಕ್ಕದಲ್ಲಿ ತುರಿಕೆಯ ಗುಳ್ಳೆಗಳು ಏಳುವುದುಂಟು; ಅಂತಹ ಕೈಗೆ ಎಷ್ಟು ಮುಲಾಮು ಹಚ್ಚಿದರೂ ಪಾದದ ಸೋಂಕು ಹೋಗುವ ತನಕ ಗುಣ ನಿಲ್ಲುವುದಿಲ್ಲ. ಎರಡೂ ಪಾದಗಳಲ್ಲಿ ಮತ್ತು ಒಂದೇ ಒಂದು ಅಂಗೈಯಲ್ಲಿ ಒಣ ಹೊಟ್ಟು ಏಳುತ್ತಿದ್ದರೂ ಶಿಲೀಂಧ್ರವನ್ನೇ ಶಂಕಿಸಬೇಕು. ಚರ್ಮದ ಹೊಟ್ಟನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯಿಂದ ಸಾಮಾನ್ಯವಾಗಿ ಇದನ್ನು ಪತ್ತೆ ಮಾಡಬಹುದು. ಈ ಪರೀಕ್ಷೆ ಮಾಡಿಸದೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಾ ಹೋದರೆ ಕೆಂಪು ಮತ್ತು ತುರಿಕೆ ಕೆಲವು ದಿನ ಅಡಗುತ್ತವೆ, ಶಿಲೀಂಧ್ರ ಮಾತ್ರ ನೆಮ್ಮದಿಯಾಗಿ ಹರಡುತ್ತದೆ.

ಬೆರಳ ಸಂದಿಗಳಲ್ಲಿ ಮತ್ತು ಮಣಿಕಟ್ಟಿನಲ್ಲಿ ತುರಿಕೆ ಇದ್ದು, ರಾತ್ರಿ ವಿಪರೀತವಾಗಿ, ಮನೆಯಲ್ಲಿ ಇನ್ನೊಬ್ಬರಿಗೂ ಶುರುವಾಗಿದ್ದರೆ ಅದು ಕಜ್ಜಿಯಾಗಿರಬಹುದು. ಕಜ್ಜಿ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಇಸುಬು ಅಂಟುವುದಿಲ್ಲ. ಗುಳ್ಳೆಗಳಲ್ಲಿ ಮೊದಲಿನಿಂದಲೂ ನೀರಿನ ಬದಲು ಹಳದಿ ಕೀವು ತುಂಬಿದ್ದರೆ, ಅಥವಾ ದಪ್ಪ ಹೊಟ್ಟಿನ ಪಟ್ಟೆಗಳು ಮೊಣಕೈ, ಮೊಣಕಾಲು, ನೆತ್ತಿಯಲ್ಲೂ ಇದ್ದರೆ ಸೋರಿಯಾಸಿಸ್ ಅಥವಾ ಅದಕ್ಕೆ ಹತ್ತಿರದ ತೊಂದರೆಯೇ ಎಂದು ಚರ್ಮವೈದ್ಯರು ಪರಿಶೀಲಿಸಬೇಕಾಗುತ್ತದೆ. ಮೊದಲ ಬಾರಿ ಕಾಣಿಸಿಕೊಂಡಾಗಲೇ ಒಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದೆಂದು ಹೇಳುವುದು ಈ ಕಾರಣಕ್ಕಾಗಿ.

ತುರಿಕೆ ಕೆರಳಿದ ಹೊತ್ತಿನಲ್ಲಿ

ಬಿಸಿನೀರಿನ ಕೆಳಗೆ ಕೈ ಹಿಡಿದರೆ ಕ್ಷಣಕಾಲ ಅತ್ಯಂತ ಹಿತವೆನಿಸುತ್ತದೆ. ಈ ತೊಂದರೆ ಇರುವ ಬಹುತೇಕರಿಗೆ ಇದು ಗೊತ್ತು, ಮತ್ತು ಬಹುತೇಕರು ಇದನ್ನು ಯಾರಿಗೂ ಹೇಳುವುದಿಲ್ಲ. ಆದರೆ ಬಿಸಿನೀರು ಚರ್ಮದ ಉಳಿದಿರುವ ಜಿಡ್ಡನ್ನೂ ತೊಳೆದು ಹಾಕಿ ರಕ್ತನಾಳಗಳನ್ನು ಹಿಗ್ಗಿಸುವುದರಿಂದ, ಸ್ವಲ್ಪ ಹೊತ್ತಿನಲ್ಲೇ ತುರಿಕೆ ಹಿಂದಿಗಿಂತ ಜೋರಾಗಿ ಮರಳುತ್ತದೆ. ತುರಿಕೆಯನ್ನು ನಿಜಕ್ಕೂ ತಗ್ಗಿಸುವುದು ತಂಪು. ಸ್ವಚ್ಛ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ತುರಿಸುವ ಜಾಗಕ್ಕೆ ಸುತ್ತಿ ಹತ್ತು ಹದಿನೈದು ನಿಮಿಷ ಬಿಡಿ. ಬಟ್ಟೆ ಬೆಚ್ಚಗಾದರೆ ಮತ್ತೆ ಅದ್ದಿ. ತೆಗೆದ ಕೂಡಲೇ ಚರ್ಮವನ್ನು ಉಜ್ಜದೆ ಒತ್ತಿ ಒರೆಸಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಮುಲಾಮು ಹಚ್ಚಿ. ಮಂಜುಗಡ್ಡೆಯನ್ನು ಬಳಸುವುದಾದರೆ ಬಟ್ಟೆಯಲ್ಲಿ ಸುತ್ತಿಯೇ ಬಳಸಬೇಕು, ಅದೂ ಒಂದೆರಡು ನಿಮಿಷ ಮಾತ್ರ. ತೇವ ಕಾಯುವ ಮುಲಾಮನ್ನೇ ಫ್ರಿಜ್ಜಿನಲ್ಲಿಟ್ಟು ತಂಪಾಗಿ ಹಚ್ಚುವುದು ಹಗಲಿನ ತುರಿಕೆಗೆ ಸುಲಭವಾದ ಉಪಾಯ.

ಗುಳ್ಳೆಗಳು ಒಡೆದು ನೀರು ಸೋರುತ್ತಿರುವ ಹಂತದಲ್ಲಿ ಕೆಲವು ವೈದ್ಯರು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ಕೈಕಾಲು ಅದ್ದಲು ಸೂಚಿಸುತ್ತಾರೆ. ಇದು ಸೋರುವಿಕೆಯನ್ನು ಒಣಗಿಸುತ್ತದೆ, ಆದರೆ ಇದರಲ್ಲಿ ಅಂದಾಜಿಗೆ ಎಡೆಯಿಲ್ಲ. ಪ್ರಮಾಣ 10,000 ಭಾಗ ನೀರಿಗೆ ಒಂದು ಭಾಗ. ಅಂದರೆ 400 ಮಿಲಿಗ್ರಾಂನ ಒಂದು ಮಾತ್ರೆಗೆ ನಾಲ್ಕು ಲೀಟರ್ ನೀರು. ನೀರು ತಿಳಿ ಗುಲಾಬಿಯಾಗಿರಬೇಕು, ಕಡು ನೇರಳೆಯಾದರೆ ಚರ್ಮ ಸುಡುತ್ತದೆ. ಕರಗದ ಹರಳು ಚರ್ಮಕ್ಕೆ ತಗುಲಿದರೂ ಸುಟ್ಟ ಗಾಯವಾಗುತ್ತದೆ. ಹತ್ತರಿಂದ ಹದಿನೈದು ನಿಮಿಷ ಅದ್ದಿದರೆ ಸಾಕು, ಸೋರುವುದು ನಿಂತ ಮೇಲೆ ನಿಲ್ಲಿಸಬೇಕು, ಇಲ್ಲದಿದ್ದರೆ ಅತಿಯಾಗಿ ಒಣಗಿ ಬಿರುಕು ಬಿಡುತ್ತದೆ. ಉಗುರಿಗೆ ಮೊದಲೇ ಪೆಟ್ರೋಲಿಯಂ ಜೆಲ್ಲಿ ಸವರಿಕೊಂಡರೆ ಅವು ಕಂದು ಬಣ್ಣಕ್ಕೆ ತಿರುಗುವುದು ತಪ್ಪುತ್ತದೆ. ಹೊಟ್ಟೆಗೆ ಹೋದರೆ ಇದು ಅಪಾಯಕಾರಿ, ಆದ್ದರಿಂದ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಸಣ್ಣ ಗುಳ್ಳೆಗಳನ್ನು ಸೂಜಿಯಿಂದ ಚುಚ್ಚುವ ಆಸೆಯನ್ನು ಬಿಡಬೇಕು. ಗುಳ್ಳೆಯ ಮೇಲಿನ ಚರ್ಮವೇ ಅದರ ಅತ್ಯುತ್ತಮ ಪಟ್ಟಿ. ಅಂಗಾಲಿನಲ್ಲಿ ಗುಳ್ಳೆಗಳು ಕೂಡಿಕೊಂಡು ದೊಡ್ಡದಾಗಿ, ನಡೆಯಲಾಗದಂತೆ ನೋಯುತ್ತಿದ್ದರೆ ವೈದ್ಯರೇ ಶುದ್ಧೀಕರಿಸಿದ ಸೂಜಿಯಿಂದ ನೀರು ತೆಗೆದು ಮೇಲಿನ ಪದರವನ್ನು ಹಾಗೆಯೇ ಉಳಿಸುತ್ತಾರೆ. ನಿಂಬೆರಸ, ಬೆಳ್ಳುಳ್ಳಿ, ವಿನೆಗರ್, ನೆಲ ತೊಳೆಯುವ ಕ್ರಿಮಿನಾಶಕ ಮುಂತಾದವುಗಳ ಉರಿ ತುರಿಕೆಯನ್ನು ಮರೆಸುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಬೆಳ್ಳುಳ್ಳಿಯಂತೂ ಚರ್ಮದ ಮೇಲೆ ಕಟ್ಟಿದರೆ ಬೊಬ್ಬೆ ಬರುವಷ್ಟು ಸುಡಬಲ್ಲದು.

ರಾತ್ರಿಯ ತುರಿಕೆಗೆ ಅಲರ್ಜಿ ಮಾತ್ರೆ ನುಂಗುವ ರೂಢಿಯಿದೆ. ಈ ಮಾತ್ರೆಗಳು ತಡೆಯುವುದು ಹಿಸ್ಟಮಿನ್ ಎಂಬ ದೇಹದ ರಾಸಾಯನಿಕವನ್ನು, ಇಸುಬಿನ ತುರಿಕೆಯಲ್ಲಿ ಅದರ ಪಾತ್ರ ಕಡಿಮೆ; ಆದ್ದರಿಂದ ನಿದ್ದೆ ಬರಿಸದ ಬಗೆಯ ಮಾತ್ರೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ನಿದ್ದೆ ಬರಿಸುವ ಬಗೆಯವು ಮಲಗಲು ನೆರವಾಗಬಹುದು, ಆದರೆ ಮರುದಿನವೂ ಮಂಪರು ಉಳಿಯುವುದರಿಂದ ವಾಹನ ಓಡಿಸುವವರು ಎಚ್ಚರದಿಂದಿರಬೇಕು. ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿ, ದಪ್ಪಗೆ ತೇವ ಕಾಯುವ ಮುಲಾಮು ಹಚ್ಚಿ, ಹತ್ತಿಯ ಕೈಗವಸು ಮತ್ತು ಕಾಲುಚೀಲ ಹಾಕಿ ಮಲಗುವುದು ನಿದ್ದೆಯಲ್ಲಿನ ಕೆರೆತಕ್ಕೆ ಇದಕ್ಕಿಂತ ವಿಶ್ವಾಸಾರ್ಹ ತಡೆ.

ಸ್ಟೀರಾಯ್ಡ್ ಮುಲಾಮಿನ ಸರಿಯಾದ ಬಳಕೆ

ಉರಿಯೂತ ಇಳಿಸುವ ಮೊದಲ ಔಷಧ ಇಂದಿಗೂ ಸ್ಟೀರಾಯ್ಡ್ ಮುಲಾಮೇ. ಅದರ ಬಗ್ಗೆ ಎರಡು ವಿರುದ್ಧ ತಪ್ಪುಗಳು ನಡೆಯುತ್ತವೆ. ಕೆಲವರು ಭಯದಿಂದ ಚುಕ್ಕೆಯಷ್ಟು ಹಚ್ಚಿ ಎರಡು ದಿನಕ್ಕೆ ನಿಲ್ಲಿಸುತ್ತಾರೆ. ಇನ್ನು ಕೆಲವರು ಯಾರೋ ಹೇಳಿದ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚುತ್ತಲೇ ಇರುತ್ತಾರೆ. ದಪ್ಪ ಚರ್ಮವನ್ನು ದಾಟಬೇಕಾದ್ದರಿಂದ ಅಂಗೈ ಅಂಗಾಲುಗಳಿಗೆ ಹೈಡ್ರೊಕಾರ್ಟಿಸೋನ್‌ನಂತಹ ಸೌಮ್ಯ ಔಷಧ ಸಾಮಾನ್ಯವಾಗಿ ಸಾಲದು. ಮೊಮೆಟಾಸೋನ್, ಬೀಟಾಮೆಥಸೋನ್, ಕೆಲವೊಮ್ಮೆ ಕ್ಲೋಬೆಟಾಸಾಲ್‌ನಂತಹ ಪ್ರಬಲ ಮುಲಾಮನ್ನು ವೈದ್ಯರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಅದೇ ಟ್ಯೂಬನ್ನು ಮುಖಕ್ಕೋ ತೊಡೆಸಂದಿಗೋ ಹಚ್ಚಬಾರದು. ಕೈಯ ಹಿಂಬದಿಯ ಚರ್ಮವೂ ತೆಳುವಾದದ್ದೇ ಆಗಿರುವುದರಿಂದ ಅಲ್ಲಿ ಎಷ್ಟು ದಿನ ಹಚ್ಚಬೇಕೆಂದು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು.

ಪ್ರಮಾಣವನ್ನು ಅಳೆಯಲು ಬೆರಳೇ ಸಾಕು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಮಡಿಕೆಯವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಮುಲಾಮು ಬರುತ್ತದೆ. ವಯಸ್ಕರ ಒಂದು ಕೈಯ ಎರಡೂ ಬದಿಗೆ ಇಷ್ಟು ಬೇಕು, ಒಂದು ಪಾದಕ್ಕೆ ಇದರ ಎರಡರಷ್ಟು. ಇಸುಬು ಇರುವ ಭಾಗ ಇದಕ್ಕಿಂತ ಚಿಕ್ಕದಾಗಿದ್ದರೆ ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಳ್ಳಬೇಕು. ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ ಹಚ್ಚಿದರೆ ಸಾಕು. ಮೂರು ನಾಲ್ಕು ಬಾರಿ ಹಚ್ಚುವುದರಿಂದ ಗುಣ ಬೇಗವಾಗುವುದಿಲ್ಲ. ರಾತ್ರಿ ಹಚ್ಚಿದ್ದು ಕೈ ತೊಳೆಯುವಾಗ ಹೋಗುವ ಭಯವಿಲ್ಲದ್ದರಿಂದ ಒಂದೇ ಬಾರಿ ಹಚ್ಚುವವರು ಆ ಹೊತ್ತನ್ನೇ ಆರಿಸಿಕೊಳ್ಳುವುದು ಲೇಸು. ತೇವ ಕಾಯುವ ಮುಲಾಮಿಗೂ ಸ್ಟೀರಾಯ್ಡಿಗೂ ನಡುವೆ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಒಂದು ಇನ್ನೊಂದನ್ನು ತೆಳುವಾಗಿಸಿ ಬೇಡದ ಕಡೆಗೂ ಹರಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಔಷಧ ಹಲವು ಪಟ್ಟು ಹೆಚ್ಚು ಒಳಗಿಳಿಯುತ್ತದೆ. ವೈದ್ಯರು ಹೇಳದೆ ಹಾಗೆ ಮಾಡಬಾರದು.

ತುರಿಕೆ ನಿಂತ ದಿನವೇ ಔಷಧ ನಿಲ್ಲಿಸುವ ಬದಲು, ಚರ್ಮವನ್ನು ಮುಟ್ಟಿದಾಗ ಒರಟು ಅಥವಾ ದಪ್ಪ ಅನಿಸದಿರುವ ತನಕ ಮುಂದುವರಿಸಿ, ಬಳಿಕ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ದಿನ ಎಂದು ಇಳಿಸುವ ಕ್ರಮವನ್ನು ವೈದ್ಯರೊಂದಿಗೆ ಮಾತನಾಡಿ ಗೊತ್ತುಮಾಡಿಕೊಳ್ಳಬೇಕು. ಪದೇ ಪದೇ ಮರಳುವವರಲ್ಲಿ ವಾರಕ್ಕೆರಡು ದಿನದ ಈ ಬಳಕೆ ಹೊಸ ಕೆರಳುವಿಕೆಗಳನ್ನು ಕಡಿಮೆ ಮಾಡುತ್ತದೆ. ದೀರ್ಘಕಾಲ ಸ್ಟೀರಾಯ್ಡ್ ಬೇಡವೆನಿಸುವ ಕಡೆ ಟ್ಯಾಕ್ರೊಲಿಮಸ್ ಮುಲಾಮು ಇದೆ. ಮೊದಲ ಕೆಲವು ದಿನ ಅದು ಉರಿಸುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಗಾಬರಿಯಿಂದ ಬಿಡುವುದು ತಪ್ಪುತ್ತದೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಸೇರಿಸಿದ ಮುಲಾಮುಗಳನ್ನು ಮಾತ್ರ ಸ್ವಂತ ನಿರ್ಧಾರದಿಂದ ಕೊಂಡು ಹಚ್ಚಬೇಡಿ: ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂಬುದು ಆಮೇಲೆ ವೈದ್ಯರಿಗೂ ತಿಳಿಯದಂತಾಗುತ್ತದೆ.

ನೀರು, ಸಾಬೂನು, ಕೈಗವಸು

ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೈ ಒದ್ದೆಯಾಗಿರುವುದು ಅಥವಾ ಇಪ್ಪತ್ತಕ್ಕಿಂತ ಹೆಚ್ಚು ಬಾರಿ ಕೈ ತೊಳೆಯುವುದು ಚರ್ಮಕ್ಕೆ ಅಪಾಯವೆಂದು ಉದ್ಯೋಗ ಆರೋಗ್ಯದ ತಜ್ಞರು ಪರಿಗಣಿಸುತ್ತಾರೆ. ಅಡುಗೆ, ಪಾತ್ರೆ, ಎಳೆಮಗುವಿನ ಆರೈಕೆ ಎಂದು ಮನೆಯಲ್ಲೇ ಇರುವವರು ಈ ಮಿತಿಯನ್ನು ಸಲೀಸಾಗಿ ದಾಟುತ್ತಾರೆ. ದಾದಿಯರು, ಕೇಶವಿನ್ಯಾಸಕರು, ಶುಚಿತ್ವದ ಕೆಲಸದವರ ಬಗ್ಗೆ ಹೇಳುವುದೇ ಬೇಡ. ತೊಳೆಯಲೇಬೇಕಾದಾಗ ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಸೌಮ್ಯ ಕ್ಲೆನ್ಸರ್ ಬಳಸಿ, ಉಂಗುರಗಳನ್ನು ತೆಗೆದಿಟ್ಟು, ಬೆರಳ ಸಂದಿಗಳನ್ನು ಒತ್ತಿ ಒರೆಸಿಕೊಳ್ಳಬೇಕು. ಉಂಗುರದ ಅಡಿಯ ಆ ಕಿರಿದಾದ ಪಟ್ಟಿಯಲ್ಲಿ ಸಾಬೂನಿನ ನೊರೆ ಉಳಿದು, ಅಲ್ಲಿಂದಲೇ ಇಸುಬು ಶುರುವಾಗುವುದು ತೀರಾ ಸಾಮಾನ್ಯ. ಕೈಗೆ ಕೊಳೆ ಕಾಣದಿದ್ದಾಗ ಸಾಬೂನಿಗಿಂತ ಆಲ್ಕೋಹಾಲಿನ ಹ್ಯಾಂಡ್ ರಬ್ ಚರ್ಮಕ್ಕೆ ಕಡಿಮೆ ಹಾನಿ ಮಾಡುತ್ತದೆ. ಬಿರುಕಿನ ಮೇಲೆ ಅದು ಚುರ್ರೆನ್ನುವುದರಿಂದ ಜನ ಅದನ್ನೇ ಶತ್ರುವೆಂದು ಭಾವಿಸುತ್ತಾರೆ, ಆದರೆ ಆ ಬಿರುಕನ್ನು ಮಾಡಿದ್ದು ಸಾಮಾನ್ಯವಾಗಿ ಸಾಬೂನು.

ಪ್ರತಿ ಬಾರಿ ತೊಳೆದ ಮೇಲೂ ತೇವ ಕಾಯುವ ಮುಲಾಮು ಹಚ್ಚುವುದು ಇಡೀ ಆರೈಕೆಯ ಬೆನ್ನೆಲುಬು. ಪಂಪಿನ ಬಾಟಲಿಯಲ್ಲಿ ಬರುವ ತೆಳು ಲೋಷನ್ನಿನಲ್ಲಿ ನೀರೇ ಹೆಚ್ಚು. ಅದು ಕೆಡದಂತೆ ಸಂರಕ್ಷಕಗಳನ್ನೂ ಸೇರಿಸಿರುತ್ತಾರೆ, ಅವುಗಳಿಗೆ ಕೆಲವರ ಚರ್ಮ ಅಲರ್ಜಿ ತೋರುತ್ತದೆ. ಪೆಟ್ರೋಲಿಯಂ ಜೆಲ್ಲಿಯಂತಹ ನೀರಿಲ್ಲದ, ಪರಿಮಳವಿಲ್ಲದ ಮುಲಾಮು ಅಂಗೈಗೆ ಹೆಚ್ಚು ಒಪ್ಪುತ್ತದೆ. ಹಗಲಿನಲ್ಲಿ ಅದರ ಅಂಟು ಕೆಲಸಕ್ಕೆ ಅಡ್ಡಿಯಾಗುವುದು ನಿಜ. ಹಗಲಿಗೆ ಕ್ರೀಮು, ರಾತ್ರಿಗೆ ಜೆಲ್ಲಿ ಎಂದು ಹಂಚಿಕೊಳ್ಳಬಹುದು. ಬಿರಿದ ಗೆರೆಯೊಳಕ್ಕೆ ಬೆರಳ ತುದಿಯಿಂದ ಜೆಲ್ಲಿಯನ್ನು ನಿಧಾನವಾಗಿ ತುಂಬಿ ಮೇಲೆ ಅಂಟುಪಟ್ಟಿ ಹಾಕಿದರೆ, ಬೆರಳು ಮಡಿಸಿದಾಗಲೆಲ್ಲ ಬಿರುಕು ಮತ್ತೆ ತೆರೆಯುವುದು ನಿಂತು ನೋವು ಬೇಗ ಇಳಿಯುತ್ತದೆ. ಒಂದು ಎಚ್ಚರಿಕೆ: ಇಂತಹ ಮುಲಾಮು ಹೀರಿಕೊಂಡ ಬಟ್ಟೆಗೆ ಬೆಂಕಿ ತಗುಲಿದರೆ ಬಹಳ ಬೇಗ ಹತ್ತಿಕೊಳ್ಳುತ್ತದೆ. ರಾತ್ರಿ ಧರಿಸಿದ ಕೈಗವಸಿನಲ್ಲೇ ಬೆಳಿಗ್ಗೆ ಒಲೆ ಹಚ್ಚಲು ಹೋಗಬಾರದು, ಅದನ್ನು ಧರಿಸಿ ಸಿಗರೇಟು ಸೇದಲೂ ಬಾರದು.

ಒದ್ದೆ ಕೆಲಸಕ್ಕೆ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಕೈಗವಸು ಬೇಕು, ಆದರೆ ಅದರೊಳಗೆ ಹತ್ತಿಯ ತೆಳು ಕೈಗವಸು ಇರಬೇಕು. ಒಳಗೆ ಬೆವರು ಕಟ್ಟಿದರೆ ಕೈ ನೀರಿನಲ್ಲಿ ಇದ್ದಂತೆಯೇ ಆಗುವುದರಿಂದ ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಧರಿಸದಿರುವುದು, ಹತ್ತಿಯದು ಒದ್ದೆಯಾದ ಕೂಡಲೇ ಬದಲಿಸುವುದು ಅಗತ್ಯ. ತೂತಾದ ಕೈಗವಸು ಕೈಗವಸೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು: ಒಳಗೆ ಹೋದ ಸಾಬೂನು ನೀರು ಹೊರಬರದೆ ಚರ್ಮಕ್ಕೆ ಒತ್ತಿಕೊಂಡೇ ಇರುತ್ತದೆ.

ಪಾದಗಳಿಗೆ

ಪಾದಕ್ಕೆ ಬೆವರು ಮತ್ತು ಉಜ್ಜಾಟ ಎರಡೂ ಶತ್ರುಗಳು. ಬೆವರಿದ ಕಾಲುಚೀಲವನ್ನು ದಿನದ ನಡುವೆ ಒಮ್ಮೆ ಬದಲಿಸುವುದು, ಎರಡು ಜೊತೆ ಶೂಗಳನ್ನು ದಿನ ಬಿಟ್ಟು ದಿನ ಧರಿಸಿ ಒಂದೊಂದೂ ಪೂರ್ತಿ ಒಣಗಲು ಅವಕಾಶ ಕೊಡುವುದು, ಮನೆಯಲ್ಲಿರುವಾಗ ಪಾದಗಳಿಗೆ ಗಾಳಿಯಾಡಲು ಬಿಡುವುದು ಇಷ್ಟರಿಂದಲೇ ಹಲವರಿಗೆ ಸಾಕಷ್ಟು ವ್ಯತ್ಯಾಸ ಕಾಣುತ್ತದೆ. ಸ್ನಾನದ ನಂತರ ಬೆರಳ ಸಂದಿಗಳನ್ನು ಒಣಗಿಸಿ, ಮುಲಾಮನ್ನು ಅಂಗಾಲು ಮತ್ತು ಹಿಮ್ಮಡಿಗೆ ಮಾತ್ರ ಹಚ್ಚಿ. ಸಂದಿಯಲ್ಲಿ ಜಿಡ್ಡು ತುಂಬಿದರೆ ಅಲ್ಲಿನ ತೇವ ಆರುವುದಿಲ್ಲ. ಇಸುಬು ಪಾದದ ಮೇಲ್ಭಾಗದಲ್ಲಿ, ಮುಖ್ಯವಾಗಿ ಹೆಬ್ಬೆರಳ ಮೇಲೆ ಇದ್ದು ಬೆರಳ ಸಂದಿಗಳು ಸ್ವಚ್ಛವಾಗಿದ್ದರೆ ಶೂವನ್ನೇ ಶಂಕಿಸಬೇಕು. ಚರ್ಮ ಹದಮಾಡಲು ಬಳಸುವ ಕ್ರೋಮಿಯಂ, ರಬ್ಬರಿನಲ್ಲಿನ ರಾಸಾಯನಿಕಗಳು, ಅಟ್ಟೆ ಅಂಟಿಸುವ ಗೋಂದು ಇವೆಲ್ಲ ಬೆವರಿನಲ್ಲಿ ಕರಗಿ ಪಾದಕ್ಕೆ ತಾಗುತ್ತವೆ.

ಕಾರಣವನ್ನು ಹುಡುಕುವುದು

ಬೆರಳುಗಳ ಗುಳ್ಳೆ ಇಸುಬನ್ನು 1873ರಲ್ಲಿ ವಿವರಿಸಿದ ಇಂಗ್ಲೆಂಡಿನ ವೈದ್ಯ ಟಿಲ್ಬರಿ ಫಾಕ್ಸ್, ಬೆವರು ಗ್ರಂಥಿಗಳಲ್ಲಿ ತಡೆಯುಂಟಾಗುವುದೇ ಇದಕ್ಕೆ ಕಾರಣವೆಂದು ಭಾವಿಸಿದ್ದರು. ಗುಳ್ಳೆಗಳಿಗೂ ಬೆವರಿನ ನಾಳಗಳಿಗೂ ನೇರ ಸಂಬಂಧವಿಲ್ಲವೆಂದು ನಂತರದ ಅಧ್ಯಯನಗಳಲ್ಲಿ ಕಂಡುಬಂತು. ಆದರೂ ಬೆವರು ಹೆಚ್ಚಿದಾಗ, ಸೆಕೆಯಲ್ಲಿ, ಮನಸ್ಸಿನ ಒತ್ತಡದ ದಿನಗಳಲ್ಲಿ ಇದು ಕೆರಳುವುದು ನಿಜ. ಹಿಂದೆ ಅಸ್ತಮಾ ಅಥವಾ ಬಾಲ್ಯದ ಇಸುಬು ಇದ್ದವರಲ್ಲಿ, ಧೂಮಪಾನಿಗಳಲ್ಲಿ ಕೈ ಇಸುಬು ಹೆಚ್ಚು ಕಾಣಿಸುತ್ತದೆ. ಹೀಗೆ ಕಾರಣಗಳು ಒಂದಕ್ಕಿಂತ ಹೆಚ್ಚಿರುವುದರಿಂದ, ಒಂದೇ ಒಂದು ಆಹಾರವನ್ನೋ ಸಾಬೂನನ್ನೋ ದೂಷಿಸಿ ಅದನ್ನು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆ ಹೆಚ್ಚಾಗಿ ಹುಸಿಯಾಗುತ್ತದೆ.

ಮೂರು ತಿಂಗಳಿಗೂ ಹೆಚ್ಚು ಕಾಲ ಮುಂದುವರಿದ ಅಥವಾ ಮತ್ತೆ ಮತ್ತೆ ಬರುವ ಕೈ ಇಸುಬಿಗೆ ಪ್ಯಾಚ್ ಟೆಸ್ಟ್ ಕೇಳಿ ಮಾಡಿಸಿಕೊಳ್ಳುವುದು ಸಾರ್ಥಕ. ನಿಕ್ಕಲ್, ಕೋಬಾಲ್ಟ್, ರಬ್ಬರಿನ ರಾಸಾಯನಿಕಗಳು, ಪರಿಮಳ ದ್ರವ್ಯಗಳು, ಸಂರಕ್ಷಕಗಳು ಮುಂತಾದವುಗಳ ಚಿಕ್ಕ ಚಿಕ್ಕ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ. ತಡವಾಗಿ ಮೂಡುವ ಪ್ರತಿಕ್ರಿಯೆಗಾಗಿ ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು. ಪಟ್ಟಿ ಹಾಕುವ ಜಾಗಕ್ಕೆ ಸ್ಟೀರಾಯ್ಡ್ ಹಚ್ಚಿದ್ದರೆ ಫಲಿತಾಂಶ ತಪ್ಪಾಗಬಹುದಾದ್ದರಿಂದ ಅದನ್ನು ಮೊದಲೇ ತಿಳಿಸಬೇಕು. ರಕ್ತ ತೆಗೆದು ಮಾಡುವ ಆಹಾರದ ಅಲರ್ಜಿ ಪರೀಕ್ಷೆ ಬೇರೆಯೇ ಬಗೆಯ ಅಲರ್ಜಿಗೆ ಸೇರಿದ್ದು. ಇಲ್ಲಿ ಅದರಿಂದ ಹೆಚ್ಚೇನೂ ತಿಳಿಯದು. ನಿಕ್ಕಲ್ ಕಡಿಮೆ ಇರುವ ಆಹಾರಕ್ರಮದ ಬಗ್ಗೆಯೂ ಕೇಳಿರಬಹುದು. ಪರೀಕ್ಷೆಯಲ್ಲಿ ನಿಕ್ಕಲ್‌ಗೆ ಪ್ರತಿಕ್ರಿಯೆ ಕಂಡ ಕೆಲವೇ ಜನರಿಗೆ ಅದರಿಂದ ಉಪಯೋಗವಾಗುತ್ತದೆ, ಉಳಿದವರು ಊಟ ಬಿಡುವ ಅಗತ್ಯವಿಲ್ಲ.

ಪರೀಕ್ಷೆಗೆ ಮೊದಲು ಕೈಗಳ ಫೋಟೋ ತೆಗೆದಿಟ್ಟುಕೊಳ್ಳುವುದು, ಆ ವಾರ ಮುಟ್ಟಿದ ಹೊಸ ವಸ್ತುಗಳನ್ನು ಬರೆದಿಟ್ಟುಕೊಳ್ಳುವುದು ವೈದ್ಯರಿಗೆ ಬಹಳ ನೆರವಾಗುತ್ತದೆ, ಏಕೆಂದರೆ ತೋರಿಸಲು ಹೋದ ದಿನವೇ ಕೈ ನುಣುಪಾಗಿರುವುದು ಈ ಕಾಯಿಲೆಯ ಹಳೆಯ ಚಾಳಿ.

ಮನೆಯ ಆರೈಕೆ ಸಾಲದಾದಾಗ

ಜೇನಿನ ಬಣ್ಣದ ಹಕ್ಕಳೆ, ಕೀವು, ಹೆಚ್ಚುತ್ತಿರುವ ನೋವು, ಬಿಸಿ, ಕೈಯಿಂದ ಮೇಲಕ್ಕೆ ಹರಿಯುವ ಕೆಂಪು ಗೆರೆ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರನ್ನು ನೋಡಬೇಕು. ಇವು ಬ್ಯಾಕ್ಟೀರಿಯಾ ಸೋಂಕಿನ ಗುರುತುಗಳು. ಒಂದೇ ಅಳತೆಯ, ಕೊರೆದಂತಹ ಸಣ್ಣ ಹುಣ್ಣುಗಳು ನೋವಿನೊಂದಿಗೆ ಬೇಗ ಬೇಗ ಹರಡುತ್ತಿದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಾಗಿರಬಹುದು, ಅದಕ್ಕೂ ತಡಮಾಡುವಂತಿಲ್ಲ. ಮಧುಮೇಹ ಇರುವವರು ಪಾದದ ಬಿರುಕನ್ನು ಎಷ್ಟೇ ಚಿಕ್ಕದಾಗಿದ್ದರೂ ಮನೆಯಲ್ಲೇ ನೋಡಿಕೊಳ್ಳುವ ಸಾಹಸ ಮಾಡಬಾರದು.

ಸರಿಯಾಗಿ ಮುಲಾಮು ಬಳಸಿಯೂ ನಾಲ್ಕಾರು ವಾರಗಳಲ್ಲಿ ಹತೋಟಿಗೆ ಬಾರದಿದ್ದರೆ ಮುಂದಿನ ದಾರಿಗಳಿವೆ. ಅಂಗೈ ಅಂಗಾಲುಗಳಿಗೆ ಮಾತ್ರ ಅಲ್ಟ್ರಾವಯಲೆಟ್ ಬೆಳಕು ಕೊಡುವ ಚಿಕಿತ್ಸೆಗೆ ಹಲವು ವಾರಗಳ ಕಾಲ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿಬರಬೇಕಾಗುತ್ತದೆ. ಅಲಿಟ್ರೆಟಿನಾಯಿನ್ ಎಂಬ ಮಾತ್ರೆಯನ್ನು ತೀವ್ರ ಕೈ ಇಸುಬಿಗೆಂದೇ ಕೆಲವು ದೇಶಗಳಲ್ಲಿ ಕೊಡುತ್ತಾರೆ. ಅದು ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡುವುದರಿಂದ ಗರ್ಭಿಣಿಯರಿಗೆ ಸಂಪೂರ್ಣ ನಿಷಿದ್ಧ. ಸ್ಟೀರಾಯ್ಡ್ ಅಲ್ಲದ ಡೆಲ್ಗೋಸಿಟಿನಿಬ್ ಕ್ರೀಮಿಗೆ ವಯಸ್ಕರ ದೀರ್ಘಕಾಲದ ಕೈ ಇಸುಬಿಗಾಗಿ 2024ರಲ್ಲಿ ಯುರೋಪಿನಲ್ಲಿ ಅನುಮತಿ ದೊರೆತಿದೆ. ಇವುಗಳಲ್ಲಿ ಯಾವುದನ್ನು ಆರಿಸುವ ಮೊದಲೂ, ಬಳಸಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ: ಎಷ್ಟು ದಿನದಲ್ಲಿ ಎಷ್ಟು ಖಾಲಿಯಾಗಿದೆ ಎಂಬುದರಿಂದಲೇ ಔಷಧ ಸೋತಿತೋ ಅಥವಾ ಅದನ್ನು ಸಾಕಷ್ಟು ಹಚ್ಚಿಲ್ಲವೋ ಎಂಬುದು ಅವರಿಗೆ ತಿಳಿಯುತ್ತದೆ.